ಉಸ್ತಾದನ ಟವೆಲ್ಲು ಮತ್ತು ಐದು ದಿನದ ಮುಲಾಮು

ಮೂಳೆಯ ಆಪರೇಷನ್ನಿಗೆ ದಿನ ಗೊತ್ತು ಮಾಡುವ ಮೊದಲು ಆಸ್ಪತ್ರೆಯವರನ್ನು ಒಂದು ಮಾತು ಕೇಳಿ: ಮೂಗಿನ ಪರೀಕ್ಷೆ ಮಾಡುತ್ತೀರೋ ಇಲ್ಲವೋ? ಮೊಣಕಾಲಿಗೂ ಮೂಗಿಗೂ ಏನು ಸಂಬಂಧವೆಂದು ನೀವು ನಗಬಹುದು. ನಾನೂ ನಕ್ಕಿದ್ದೆ. ನಾನು ನಕ್ಕಿದ್ದಕ್ಕೆ ನನ್ನ ಹೆಂಡತಿ ಮೂರು ವಾರ ಹೆಚ್ಚಿಗೆ ನೋವು ತಿಂದಳು.

ನಾನು ಕುರಿ ದಲ್ಲಾಳಿ. ಮನೆ ಕೊಪ್ಪಳದಲ್ಲಿ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಟಗರುಗಳನ್ನು ಸಂತೆಯಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಕುದುರಿಸಿಕೊಡುವುದು ಮೊದಲಿನ ಕೆಲಸ. ಈಗ ನಾನೇ ಕೊಂಡು ಲಾರಿ ತುಂಬಿಸಿ ಕಳಿಸುತ್ತೇನೆ. ಯಾರ ಆಸ್ತಿಯೂ ನನಗೆ ಬಂದಿದ್ದಲ್ಲ. ಕಲಿಸಿದವನು ಒಬ್ಬ ಉಸ್ತಾದ. ಟಗರಿನ ತುಟಿ ಎತ್ತಿ ಹಲ್ಲು ನೋಡುವುದು, ಬೆನ್ನೆಲುಬಿನ ಮೇಲೆ ಹೆಬ್ಬೆರಳು ಊರಿ ಮಾಂಸ ಎಷ್ಟಿದೆ ಎಂದು ಅಳೆಯುವುದು, ಮಾರುವವನ ಮುಖ ನೋಡಿ ಅವನಿಗೆ ಎಷ್ಟು ಅವಸರವಿದೆ ಎಂದು ತಿಳಿಯುವುದು, ಇವೆಲ್ಲ ಅವನ ವಿದ್ಯೆ. ಎಲ್ಲಕ್ಕಿಂತ ಹೆಚ್ಚಾಗಿ ಅವನು ಕಲಿಸಿದ್ದು ಕೈ ಮಾತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರೂ ಬಲಗೈ ಚಾಚುತ್ತಾರೆ, ದಲ್ಲಾಳಿ ಹೆಗಲ ಮೇಲಿನ ಟವೆಲ್ಲನ್ನು ಆ ಕೈಗಳ ಮೇಲೆ ಹೊದಿಸುತ್ತಾನೆ, ಒಳಗೆ ಬೆರಳುಗಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಸುತ್ತ ಹತ್ತು ಜನ ನಿಂತಿದ್ದರೂ ದರ ಏನೆಂದು ಯಾರಿಗೂ ತಿಳಿಯುವುದಿಲ್ಲ. ಕೈ ಮೊದಲು ಬಿಟ್ಟವನು ಸೋತ ಹಾಗೆ. ಒಪ್ಪಿ ಅಮುಕಿದ ಮೇಲೆ ಮಾತು ತಿರುಗಿಸುವಂತಿಲ್ಲ. ತಿರುಗಿಸಿದವನ ಟವೆಲ್ಲಿನ ಕೆಳಗೆ ಮರುಸಂತೆಗೆ ಯಾರೂ ಕೈ ಇಡುವುದಿಲ್ಲ.

ಆ ಟವೆಲ್ಲನ್ನು ತೊಳೆಯುವ ಹಾಗಿಲ್ಲ ಎಂಬುದು ನಮ್ಮ ಉಸ್ತಾದನ ಕಟ್ಟಳೆ. ಸೋಪು ತಾಗಿದರೆ ಕೈಗುಣ ಹೋಗುತ್ತದೆ. ವರ್ಷಕ್ಕೊಮ್ಮೆ ಹುಲಿಗೆಮ್ಮನ ಜಾತ್ರೆಗೆಂದು ಹುಲಿಗಿಗೆ ಹೋದಾಗ ಹೊಳೆಯಲ್ಲಿ ಅದ್ದಿ, ಹಿಂಡಿ, ಬಂಡೆಯ ಮೇಲೆ ಒಣಗಿಸುವುದು, ಅಷ್ಟೇ. ನನ್ನ ಮೊದಲ ಸ್ವಂತ ವ್ಯಾಪಾರದ ದಿನ ಉಸ್ತಾದ ತನ್ನ ಹೆಗಲಿನಿಂದ ತೆಗೆದು ನನ್ನ ಹೆಗಲಿಗೆ ಹಾಕಿದ ಟವೆಲ್ಲು ಅದು. ಕೆಂಪು ಚೌಕಳಿಯದು, ಚೌಕಳಿ ಎಲ್ಲಿತ್ತೆಂದು ಈಚೆಗೆ ಹುಡುಕಬೇಕಾಗಿತ್ತು. ಮುಖ ಒರೆಸುವುದು ಅದರಲ್ಲೇ, ಬಿಸಿಲಿಗೆ ತಲೆಗೆ ಸುತ್ತುವುದು ಅದನ್ನೇ. ಸಂಜೆ ಮನೆಯಲ್ಲಿ ಹೆಂಡತಿಯ ಮೊಣಕಾಲಿಗೆ ಹುರಿದ ಉಪ್ಪು ಕಟ್ಟಿ ಶಾಖ ಕೊಡುವುದೂ ಅದರಲ್ಲೇ. ಕೈಗುಣ ಇರುವ ಬಟ್ಟೆ, ನೋವಿಗೂ ಹತ್ತಲಿ ಎಂದು.

ಅವಳ ಎರಡೂ ಮೊಣಕಾಲು ಸವೆದಿದ್ದವು. ನಮ್ಮ ಹಿತ್ತಲ ಬಾಗಿಲಿನಿಂದ ಕುರಿದೊಡ್ಡಿಗೆ ಮೂರು ಮೆಟ್ಟಿಲು ಇಳಿಯಬೇಕು. ದೊಡ್ಡಿ ಅವಳದು. ಯಾವ ಮರಿ ಹಾಲು ಕುಡಿದಿಲ್ಲ, ಯಾವುದರ ಕಣ್ಣು ನೀರಾಡುತ್ತಿದೆ ಎಂದು ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಎರಡು ವರ್ಷದಿಂದ ಆ ಮೂರು ಮೆಟ್ಟಿಲು ಇಳಿಯಲು ಆಗದೆ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಮೇಲಿನಿಂದಲೇ ಕೂಗಿ ಹೇಳುತ್ತಿದ್ದಳು. ಕೂಗುವುದು ಜೋರಾಗಿತ್ತು, ಮುಖ ಸಣ್ಣದಾಗಿತ್ತು.

ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಗೆ ವಾರಕ್ಕೊಮ್ಮೆ ಹೊರಗಿನಿಂದ ಮೂಳೆ ಡಾಕ್ಟರು ಬರುತ್ತಾರೆ. ಅವರು ಎಕ್ಸ್‌ರೇ ಫೋಟೋ ನೋಡಿ, ಸವೆದ ಕೀಲು ತೆಗೆದು ಲೋಹದ ಕೀಲು ಕೂರಿಸಬೇಕು, ಬಲಗಾಲು ಮೊದಲು ಮಾಡೋಣ, ಎಡಗಾಲು ಆಮೇಲೆ ನೋಡೋಣ ಎಂದರು. ನಾನು ಖರ್ಚಿನ ಮಾತನ್ನು ಕುದುರಿಸಿದೆ, ಅದು ಇಲ್ಲಿ ಬೇಡ. ಆಪರೇಷನ್ನಿನ ದಿನ ಗೊತ್ತಾದ ಮೇಲೆ ಒಬ್ಬ ಸಿಸ್ಟರ್ ಬಂದಳು. ಮೂವತ್ತೈದರ ಆಸುಪಾಸು, ಮಾತು ಕುಷ್ಟಗಿ ಸೀಮೆಯದು. ಇಡೀ ಆಸ್ಪತ್ರೆಯಲ್ಲಿ ಯಾರಿಂದ ಯಾರಿಗೆ ಏನು ಅಂಟದ ಹಾಗೆ ನೋಡಿಕೊಳ್ಳುವುದೇ ಅವಳ ಕೆಲಸವಂತೆ. ಅಂಥದ್ದೊಂದು ಕೆಲಸ ಇದೆ ಎಂದು ನನಗೆ ಅಂದೇ ಗೊತ್ತಾಗಿದ್ದು. ಉದ್ದ ಹತ್ತಿ ಕಡ್ಡಿಯೊಂದನ್ನು ನನ್ನ ಹೆಂಡತಿಯ ಎರಡೂ ಮೂಗಿನ ಹೊಳ್ಳೆಯಲ್ಲಿ ತಿರುವಿ, ಗಾಜಿನ ನಳಿಗೆಗೆ ಹಾಕಿ ಲ್ಯಾಬಿಗೆ ಕಳಿಸಿದಳು.

ಮೂರು ದಿನಕ್ಕೆ ಉತ್ತರ ಬಂತು. ಹೆಂಡತಿಯ ಮೂಗಿನಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ರೋಗಾಣು ಮನೆ ಮಾಡಿದೆ. ಅವಳಿಗೆ ನೆಗಡಿಯೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಡಾಕ್ಟರು ತಿಳಿಸಿ ಹೇಳಿದರು: ಇದು ಎಷ್ಟೋ ಆರೋಗ್ಯವಂತರ ಮೂಗಿನಲ್ಲಿ, ಕಂಕುಳಲ್ಲಿ, ಚರ್ಮದ ಮೇಲೆ ಸುಮ್ಮನೆ ಇರುತ್ತದೆ, ಇದ್ದವರಿಗೆ ಏನೂ ಮಾಡುವುದಿಲ್ಲ. ಆದರೆ ಚರ್ಮ ಕೊಯ್ದು, ಒಳಗೆ ಲೋಹ ಕೂಡಿಸಿದಾಗ ಅದು ಒಳಕ್ಕೆ ಇಳಿದು ಲೋಹಕ್ಕೆ ಅಂಟಿಕೊಂಡರೆ ಔಷಧಿಗೂ ಬಗ್ಗುವುದಿಲ್ಲ. ಕೆಲವೊಮ್ಮೆ ಹಾಕಿದ್ದನ್ನೇ ತೆಗೆಯಬೇಕಾಗುತ್ತದೆ. ಅದಕ್ಕೆ ದಿನಕ್ಕೆ ಎರಡು ಸಲ, ಐದು ದಿನ ಮೂಗಿನೊಳಗೆ ಮುಲಾಮು ಹಚ್ಚಬೇಕು, ಗುಲಾಬಿ ಬಣ್ಣದ ಔಷಧಿ ನೀರಿನಲ್ಲಿ ಮೈ ತೊಳೆಯಬೇಕು, ದಿನವೂ ಒಗೆದ ಬಟ್ಟೆ, ಒಗೆದ ಟವೆಲ್ಲು ಬಳಸಬೇಕು.

ಇಷ್ಟು ಸರಳ. ಇದರಲ್ಲೂ ನಾನು ಚೌಕಾಸಿ ಮಾಡಿದೆ.

ನಮ್ಮ ಕಸುಬಿನವನಿಗೆ ಯಾರಾದರೂ ಐದು ಅಂದರೆ ಕಿವಿಗೆ ಕೇಳುವುದು ಮೂರು. ಐದು ಎಂದು ಬಾಯಿಬಿಟ್ಟವನು ಮೂರಕ್ಕೆ ಒಪ್ಪುವವನೇ ಇರುತ್ತಾನೆ, ಐದು ಎನ್ನುವುದು ಶುರು ಮಾಡುವ ದರ. ಮುಲಾಮು ಹಚ್ಚಿದ ಮೂರನೆಯ ದಿನ ಹೆಂಡತಿ, ರೊಟ್ಟಿ ತಿಂದರೂ ಮುಲಾಮಿನ ವಾಸನೆ, ಮೂಗಿನೊಳಗೆ ಜಿಗಟು ಎಂದು ಗೊಣಗಿದಳು. ಬಿಡು, ಡಾಕ್ಟರು ಒಂದಕ್ಕೆರಡು ಹೇಳಿರುತ್ತಾರೆ, ಮೂರು ದಿನಕ್ಕೆ ಎಲ್ಲ ಸತ್ತಿರುತ್ತವೆ ಎಂದೆ. ಔಷಧಿ ನೀರನ್ನೂ ಅರ್ಧ ಉಳಿಸಿದೆವು, ಎಡಗಾಲಿಗೆ ಬೇಕಾಗುತ್ತದಲ್ಲ ಎಂದು. ಸಂಜೆಯ ಉಪ್ಪಿನ ಶಾಖ ಮಾತ್ರ ತಪ್ಪಿಸಲಿಲ್ಲ, ಅದೇ ಟವೆಲ್ಲಿನಲ್ಲಿ. ಮುಲಾಮು ಇಳಿದು ಮೂಗು ತುರಿಸಿದಾಗ ಅವಳು ಒರೆಸಿಕೊಂಡದ್ದೂ ಅದೇ ಟವೆಲ್ಲಿನ ತುದಿಯಿಂದ.

ಆಪರೇಷನ್ನಿಗೆ ಮೊದಲು ಇನ್ನೊಮ್ಮೆ ಕಡ್ಡಿ ಆಡಿಸಿ ನೋಡುವುದು ಆ ಆಸ್ಪತ್ರೆಯ ಪದ್ಧತಿ. ಹೆಂಡತಿಯ ಮೂಗಿನಲ್ಲಿ ರೋಗಾಣು ಇದ್ದಲ್ಲೇ ಇತ್ತು. ಡಾಕ್ಟರು ಆಪರೇಷನ್ ಮುಂದಕ್ಕೆ ಹಾಕಿದರು. ಅವರಿಗೆ ಮುಂದೆ ಬಿಡುವಿದ್ದ ದಿನ ಮೂರು ವಾರದ ಆಚೆಗಿತ್ತು, ಬಕ್ರೀದ್ ಆದ ಮರುದಿನ. ಸಿಸ್ಟರ್ ನಮ್ಮಿಬ್ಬರನ್ನೂ ಒಂದು ಕೋಣೆಗೆ ಕರೆದು ಕೂರಿಸಿದಳು.

"ಕಾಕಾ, ಮುಲಾಮು ಎಷ್ಟು ದಿನ ಹಚ್ಚೀರಿ? ಖರೇ ಹೇಳ್ರಿ."

ಐದು ದಿನ ಅಂದೆ. ನನ್ನ ಹೆಂಡತಿ ಮೊಣಕಾಲು ತಿಕ್ಕಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದಳು, "ಮೂರ ದಿನರಿ. ಇವರು ಸಾಕು ಅಂದ್ರು. ಇವರು ದೇವರ ಕೂಡಾನೂ ಚೌಕಾಸಿ ಮಾಡ್ತಾರ, ರೋಗದ ಕೂಡ ಬಿಡ್ತಾರೇನು?"

ಸಿಸ್ಟರ್ ನಗಲಿಲ್ಲ. ಅವಳ ಕಣ್ಣು ನನ್ನ ಹೆಗಲ ಮೇಲಿತ್ತು. ಟವೆಲ್ಲು ಯಾವಾಗ ಒಗೆದದ್ದು ಎಂದು ಕೇಳಿದಳು. ಹುಲಿಗಿಯ ಹೊಳೆಯ ಕಥೆ ಹೇಳಿದೆ. ಮನೆಯಲ್ಲಿ ಇದನ್ನು ಯಾರು ಯಾರು ಮುಟ್ಟುತ್ತಾರೆ ಎಂದು ಕೇಳಿದಳು. ಹೆಂಡತಿ ಉಪ್ಪಿನ ಶಾಖದ ಕಥೆ ಹೇಳಿದಳು. ಸಿಸ್ಟರ್ ಎದ್ದು ಇನ್ನೊಂದು ಹತ್ತಿ ಕಡ್ಡಿ ತಂದಳು, ಈ ಸಲ ನನಗೆ.

"ನನಗೇನಾಗೈತಿ? ಹತ್ತು ವರ್ಷಾತು, ಒಂದು ಗುಳಿಗಿ ನುಂಗಿಲ್ಲ," ಅಂದೆ.

"ಅದಕ್ಕ ಕಾಕಾ. ಜ್ವರ ಬಂದಾವ್ರು ತಾವ ಬಂದು ಹೇಳ್ತಾರ. ಏನೂ ಆಗಲಾರದಾವ್ರನ್ನ ನಾವ ಹುಡುಕಬೇಕಾಗ್ತೈತಿ."

ಮೂರು ದಿನ ಬಿಟ್ಟು ಇಬ್ಬರೂ ಮತ್ತೆ ಹೋದಾಗ ನನ್ನ ಉತ್ತರವೂ ಬಂದಿತ್ತು, ರೋಗಾಣು ಇದೆ ಎಂದು. ಹೆಂಡತಿಗಿಂತ ಜೋರಾಗಿ ಬೆಳೆದಿದೆ ಎಂದು ಲ್ಯಾಬಿನವರು ಬರೆದಿದ್ದರಂತೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಗಿಂತ ಅವಮಾನವಾಯಿತು. ಕತ್ತಿನ ಹಿಂದೆ, ಟವೆಲ್ಲು ಕೂರುವ ಜಾಗದಲ್ಲಿ, ವರ್ಷಕ್ಕೆರಡು ಸಲ ಕುರು ಏಳುತ್ತಿತ್ತು. ಉಷ್ಣ ಎಂದುಕೊಂಡು ಬಿಟ್ಟಿದ್ದೆ. ಕುರಿಗಳಿಂದ ಬಂದಿರಬೇಕು ಎಂದು ವಾದ ಹೂಡಿದೆ. ಪಾಪದ ಕುರಿಗಳ ಮೇಲೆ ಯಾಕೆ ಹಾಕುತ್ತೀರಿ, ಯಾರಿಂದ ಯಾರಿಗೆ ಬಂತೆಂದು ಹೇಳಲು ಬರುವುದಿಲ್ಲ, ಇಲ್ಲಿ ಕೂತ ಅಮ್ಮನಿಂದಲೇ ನಿಮಗೆ ಬಂದಿರಬಹುದು ಎಂದಳು ಸಿಸ್ಟರ್. ನನ್ನ ಮುಖ ನೋಡಿ ತನ್ನ ಮಾತನ್ನೂ ಹೇಳಿದಳು. ಹೋದ ವರ್ಷ ಆಸ್ಪತ್ರೆಯವರನ್ನೆಲ್ಲ ಪರೀಕ್ಷೆ ಮಾಡಿದಾಗ ಅವಳದೇ ಮೂಗಿನಲ್ಲಿ ಸಿಕ್ಕಿತ್ತಂತೆ. ಮುಲಾಮು ಮುಗಿಯುವವರೆಗೆ ಆಪರೇಷನ್ ಕೋಣೆಯ ಹೊರಗೆ ಕೂರಿಸಿದ್ದರಂತೆ.

"ನಾ ಏನು ಕಳ್ಳತನ ಮಾಡಿದ್ನೇನ್ರಿ? ಇತ್ತು. ಗೊತ್ತಾತು. ಮುಲಾಮು ಹಚಗೊಂಡೆ. ಇದ್ದದ್ದು ತಪ್ಪಲ್ಲ ಕಾಕಾ, ಗೊತ್ತಾದ ಮ್ಯಾಲೆ ಸುಮ್ಮನ ಇರೋದು ತಪ್ಪು."

ಈಗ ಇಬ್ಬರೂ ಒಟ್ಟಿಗೆ ಐದು ದಿನ ಹಚ್ಚಬೇಕು, ಆಪರೇಷನ್ನಿಗೆ ಸರಿಯಾಗಿ ಮುಗಿಯುವ ಹಾಗೆ. ಹಾಸಿಗೆ, ಹೊದಿಕೆ, ಬಟ್ಟೆ ಎಲ್ಲ ಬಿಸಿನೀರಿನಲ್ಲಿ ಒಗೆಯಬೇಕು. ಈ ಟವೆಲ್ಲನ್ನು ಕುದಿಸಬೇಕು. ಐದು ದಿನ ಸಿಕ್ಕ ಸಿಕ್ಕವರ ಕೈ ಹಿಡಿಯಬಾರದು, ಹಿಡಿದರೆ ಸೋಪು ಹಚ್ಚಿ ತೊಳೆಯಬೇಕು. ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ಆ ಐದು ದಿನದ ನಡುವೆಯೇ ಬಕ್ರೀದ್ ಹಿಂದಿನ ದೊಡ್ಡ ಕುರಿ ಸಂತೆ. ವರ್ಷದ ಅರ್ಧ ದುಡಿಮೆ ಆ ಒಂದು ಬೆಳಗಿನದು. ಟವೆಲ್ಲಿಲ್ಲದ ದಲ್ಲಾಳಿ ಅಂದು ಸಂತೆಗೆ ಹೋಗುವುದೂ ಒಂದೇ, ಮನೆಯಲ್ಲಿ ಮಲಗುವುದೂ ಒಂದೇ. ಅದಕ್ಕೆ, ಆಪರೇಷನ್ ಇನ್ನೊಂದು ತಿಂಗಳು ಮುಂದಕ್ಕೆ ಹೋದರೆ ಆಗುವುದಿಲ್ಲವೇ ಎಂದು ಕೇಳಿದೆ. ಹೆಂಡತಿ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಕೂತಳು.

ನೀರು ಕುಡಿದು ಬರುತ್ತೇನೆಂದು ಹೊರಗೆ ಬಂದೆ. ಬೆಂಚಿನ ಮೇಲೆ ಗಿಣಿಗೇರಾದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ ಕೂತಿದ್ದ, ಊರುಗೋಲು ಪಕ್ಕಕ್ಕಿತ್ತು. ಮಾತಿಗೆ ಮಾತು ಬಂತು. ಅವನ ಕಾಲಿನ ಮೂಳೆ ಮುರಿದು, ಬೇರೊಂದು ಊರಿನಲ್ಲಿ ರಾಡು ಹಾಕಿದ್ದರು. ಹೊಲಿಗೆ ಬಿಚ್ಚಿದ ಮೇಲೆ ಸಣ್ಣ ತೂತಿನಿಂದ ಕೀವು ಬರಲು ಶುರುವಾಗಿ ನಿಲ್ಲಲಿಲ್ಲ. ಎರಡು ಸಲ ಕೊಯ್ದು ತೊಳೆದು, ಕೊನೆಗೆ ರಾಡನ್ನೇ ತೆಗೆದರು. ಅವನಿಗೆ ಅಂಟಿದ್ದು ಎಲ್ಲಿಂದ, ತನ್ನ ಮೈಯಿಂದಲೋ, ಮತ್ತೊಬ್ಬರ ಕೈಯಿಂದಲೋ, ಯಾರಿಗೂ ಗೊತ್ತಿಲ್ಲ. ಅವನು ಯಾರನ್ನೂ ಬೈಯುತ್ತಿರಲಿಲ್ಲ. ಪ್ಯಾಂಟು ಮೇಲೆತ್ತಿ ತೋರಿಸಿದ. ಟಗರಿನ ಮೈಮೇಲೆ ಅಂಥ ಗುರುತು ಕಂಡರೆ ನಾನು ಮುಂದಕ್ಕೆ ಹೋಗಿಬಿಡುತ್ತೇನೆ, ದರವನ್ನೂ ಕೇಳುವುದಿಲ್ಲ.

ಒಳಗೆ ಬಂದು ಕೂತೆ. ಆದರೂ ನಾಲಗೆ ಸುಮ್ಮನಿರಲಿಲ್ಲ. ಐದು ದಿನ ಹೆಂಡತಿಗೆ ಇರಲಿ, ನನಗೆ ಮೂರು ಮಾಡಿ ಎಂದೆ, ಸಂತೆಯ ದಿನ ಬಿಟ್ಟು. ಸಿಸ್ಟರ್ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಬೆರಳ ಸಂದಿಯಿಂದ ಮಣಿಕಟ್ಟಿನವರೆಗೆ ಸೋಪು ಹಚ್ಚಿ ತೊಳೆಯಲು ಹೇಳಿ, ತಾನೂ ತೊಳೆದುಕೊಂಡಳು. ಆಮೇಲೆ ಎದುರಿಗೆ ಕೂತು, ಬೀರುವಿನಿಂದ ಒಗೆದ ಹಸಿರು ಬಟ್ಟೆಯೊಂದನ್ನು ತೆಗೆದು, ಬಲಗೈ ಚಾಚಿದಳು.

"ಬರ್ರಿ, ಕೈ ಕೊಡ್ರಿ. ನಮ್ಮಪ್ಪನೂ ಕುರಿ ಮೇಸಿದಾವನ. ಯಾರಿಗೆ ಗೊತ್ತು, ಅವನ ಟಗರು ನೀವ ಅಗ್ಗಕ್ಕ ಹೊಡದೀರೋ ಏನೋ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೈ ಚಾಚಿದೆ. ಸಿಸ್ಟರ್ ಹಸಿರು ಬಟ್ಟೆ ಹೊದಿಸಿ ನನ್ನ ಐದೂ ಬೆರಳು ಹಿಡಿದಳು. ನಾನು ಅವಳ ಮೂರು ಬೆರಳು ಹಿಡಿದೆ. ಅವಳು ಮತ್ತೆ ಐದು. ನಾನು ನಾಲ್ಕಕ್ಕೆ ಬಂದೆ. ನಮ್ಮಲ್ಲಿ ನಾಲ್ಕಕ್ಕೆ ಬಂದರೆ ಎದುರಿನವನು ಮುಕ್ಕಾಲು ಪಾಲು ಒಪ್ಪಿಬಿಡುತ್ತಾನೆ. ಅವಳು ಐದೂ ಬೆರಳು ಹಿಡಿದವಳು ಹಿಡಿದೇ ಇದ್ದಳು. ಹೊರಗೆ ಯಾರೋ ಅವಳನ್ನು ಕರೆದರು, ಬಂದೆ ಎಂದಳು, ಕೈ ಬಿಡಲಿಲ್ಲ. ಅವಳ ಕೈ ಔಷಧಿ ಹಚ್ಚಿ ಹಚ್ಚಿ ಒರಟಾಗಿತ್ತು. ಅವಸರವಿಲ್ಲದವರ ಜೊತೆ ವ್ಯಾಪಾರಕ್ಕೆ ಇಳಿಯಬಾರದು ಎಂದು ಉಸ್ತಾದ ಹೇಳುತ್ತಿದ್ದ. ಕೊನೆಗೆ ಐದಕ್ಕೆ ಅಮುಕಿದೆ. ಆಗ ಅವಳು ಐದು ಬೆರಳು ಬಿಟ್ಟು ಎರಡು ಹಿಡಿದಳು. ಅರ್ಥವಾಯಿತು: ಇಬ್ಬರಿಗೂ. ಅದಕ್ಕೂ ಅಮುಕಿದೆ.

"ಕೈ ಮಾತು ಆತು ಕಾಕಾ. ಇನ್ನ ತಿರುಗಂಗಿಲ್ಲ," ಎಂದು ಎದ್ದಳು.

ಮನೆಗೆ ಬಂದು ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿ ಟವೆಲ್ಲನ್ನು ನಾನೇ ಹಾಕಿದೆ. ನೀರು ಮೊದಲು ಚಹಾದಂತಾಯಿತು, ಆಮೇಲೆ ಅದಕ್ಕಿಂತ ಕಪ್ಪಾಯಿತು. ಕೋಲಿನಿಂದ ಒತ್ತುತ್ತ ಕೂತೆ. ಉಸ್ತಾದ ಸತ್ತು ಬಹಳ ವರ್ಷವಾಯಿತು, ಬೈಯಲು ಅವನಿಲ್ಲ. ಅವನ ಎಡಗಾಲಿನ ಗಾಯ ನೆನಪಿಗೆ ಬಂತು. ಟಗರಿನ ಕೊಂಬು ತಾಗಿದ್ದು. ವರ್ಷಗಟ್ಟಲೆ ಮಾಯದೆ ಹಾಗೇ ಇತ್ತು. ಸಂತೆಯಲ್ಲಿ ನೊಣ ಕೂರದಿರಲಿ ಎಂದು ಆ ಗಾಯಕ್ಕೆ ಇದೇ ಟವೆಲ್ಲು ಸುತ್ತಿಕೊಳ್ಳುತ್ತಿದ್ದ. ಯಾಕೆ ಮಾಯಲಿಲ್ಲ ಎಂದು ಆಗ ಯಾರೂ ಕೇಳಿರಲಿಲ್ಲ. ಟವೆಲ್ಲು ಒಣಗಿದ ಮೇಲೆ ಕೆಂಪು ಚೌಕಳಿ ಕಾಣಿಸಿತು. ಅದನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟು, ಅಂಗಡಿಯಿಂದ ಆರು ಹೊಸ ಟವೆಲ್ಲು ತಂದೆ, ಐದು ದಿನಕ್ಕೆ ಐದು, ಆಪರೇಷನ್ನಿನ ದಿನಕ್ಕೊಂದು.

ಸಂತೆ ಬಂದದ್ದು ಮುಲಾಮಿನ ನಾಲ್ಕನೆಯ ದಿನ. ಬಿಳಿ ಟವೆಲ್ಲು ಹಾಕಿಕೊಂಡು ಹೋದೆ. ನನ್ನ ಜೊತೆಗೇ ದಂಧೆಗೆ ಇಳಿದ ಒಬ್ಬ ದಲ್ಲಾಳಿ ಇದ್ದಾನೆ, ಎಲ್ಲವೂ ಅವನಿಗೆ ಮೊದಲೇ ತಿಳಿದಿರುತ್ತದೆ. ದೂರದಿಂದಲೇ ಶುರು ಮಾಡಿದ, "ಹೆಂಡ್ತಿ ಮಾತಿಗೆ ಉಸ್ತಾದನ ಟವೆಲ್ ಕುದಸೀಯಂತಲ್ಲೋ. ನಾಳೆ ಮೀಸಿನೂ ಕುದಸ್ತೀಯೇನು?" ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಜಗಳ ಆಡುವ ದಿನವಲ್ಲ ಅದು. ಇಬ್ಬರು ಮೂವರ ಜೊತೆ ಬಿಳಿ ಟವೆಲ್ಲಿನ ಕೆಳಗೆ ಮಾತು ಮುಗಿಸಿ, ಪ್ರತಿಸಲ ಲಾರಿಯ ಹತ್ತಿರ ಹೋಗಿ ಕೊಡದ ನೀರಿನಲ್ಲಿ ಸೋಪು ಹಚ್ಚಿ ಕೈ ತೊಳೆದು ಬಂದೆ. ಕೈಗುಣ ಹೋದ ಹಾಗೇನೂ ಕಾಣಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಯಲಬುರ್ಗಾ ಕಡೆಯ ಒಬ್ಬ ಹಿರಿಯ ತನ್ನ ಟಗರುಗಳನ್ನು ತಂದ. ಇಡೀ ಸಂತೆಯಲ್ಲಿ ಅಂಥ ಹಿಂಡು ಇನ್ನೊಂದಿರಲಿಲ್ಲ. ಬೆನ್ನು ಹಲಗೆಯ ಹಾಗೆ. ಪ್ರತಿವರ್ಷ ನನಗೇ ಕೊಡುವವನು. ನಾಲ್ಕಾರು ಜನ ದಲ್ಲಾಳಿಗಳು ಅವನ ಸುತ್ತ ಸುಳಿಯುತ್ತಿದ್ದರು. ಅವನು ನನ್ನನ್ನು ನೋಡಿ ಕೈ ಚಾಚಿದ. ನಾನು ಟವೆಲ್ಲು ಎಳೆದು ಹೊದಿಸುವುದರಲ್ಲಿದ್ದೆ. ಅವನ ಹೆಬ್ಬೆರಳ ಬುಡದಲ್ಲಿ ಅರಿಸಿನ ಮೆತ್ತಿದ ಬಟ್ಟೆಯ ಪಟ್ಟಿ ಇತ್ತು. ಪಟ್ಟಿ ಹಸಿಯಾಗಿತ್ತು.

ನಲವತ್ತು ವರ್ಷದಲ್ಲಿ ಎಷ್ಟು ಕೈ ಹಿಡಿದಿದ್ದೇನೋ, ಒಂದು ಕೈಯನ್ನೂ ನೋಡಿ ಹಿಡಿದವನಲ್ಲ. ಟವೆಲ್ಲಿನ ಕೆಳಗೆ ಕಾಣುವುದಾದರೂ ಏನು? ಏನಾಗಿದೆ ಯಜಮಾನ ಎಂದು ಕೇಳಿದೆ. ಮುಳ್ಳು ಚುಚ್ಚಿ ಕುರು ಆಗಿದೆ, ನಿನ್ನೆ ಒಡೆಯಿತು, ನೀನು ನಾಲ್ಕು ಬೆರಳಲ್ಲೇ ಮಾತಾಡು ಎಂದ. ಚಾಚಿದ ಕೈ ಹಾಗೇ ಇತ್ತು. ನಮ್ಮಲ್ಲಿ ಚಾಚಿದ ಕೈ ಹಿಡಿಯದಿರುವುದು ಮುಖಕ್ಕೆ ಹೊಡೆದ ಹಾಗೆ. ಮುಲಾಮಿನ ಒಂದೇ ದಿನ ಬಾಕಿ. ಕೈ ತೊಳೆದರೆ ಆಯಿತಲ್ಲ ಎಂದು ಒಳಗಿನ ದಲ್ಲಾಳಿ ಹೇಳಿದ. ಆದರೆ ಅದು ನಾಲ್ಕಕ್ಕೆ ಒಪ್ಪಿಸುವ ಮಾತು. ಐದಕ್ಕೆ ನಾನು ಅಮುಕಿಯಾಗಿತ್ತು.

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕೈ ಜೋಡಿಸಿದೆ.

"ಯಜಮಾನ, ತಪ್ಪ ತಿಳಕೋಬ್ಯಾಡ್ರಿ. ನನ್ನ ಮನಿಯಾಕಿ ಮೊಣಕಾಲು ಕೊಯ್ಯೋರದಾರ. ನನ್ನ ಮೈಯಾಗೂ ಒಂದು ಹುಳ ಐತಂತ, ಔಷಧಿ ನಡದೈತಿ. ಇವತ್ತ ನಾ ಬಾಯಿಲೆ ದರ ಹೇಳ್ತೀನಿ."

ಹೇಳಿದೆ. ಎಲ್ಲರೂ ಕೇಳಿಸಿಕೊಂಡರು. ಬಾಯಿಂದ ದರ ಹೇಳಿದ ಮೇಲೆ ಇಳಿಸಲು ಬರುವುದಿಲ್ಲ, ಏರಿಸುವವರು ಮಾತ್ರ ಸಿಗುತ್ತಾರೆ. ನನ್ನ ಹಳೆಯ ಜೊತೆಗಾರ ನನ್ನ ದರದ ಮೇಲೆ ಒಂದಿಷ್ಟು ಏರಿಸಿದ, ಮೂರನೆಯವನೊಬ್ಬ ಅವನ ಮೇಲೆ ಏರಿಸಿದ. ಹಿರಿಯ ತನ್ನ ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡ, ನನ್ನನ್ನೂ ನೋಡಿದ. ಅರ್ಧ ಹಿಂಡನ್ನು ಹೆಚ್ಚು ಏರಿಸಿದವನಿಗೆ ಕೊಟ್ಟ. ಉಳಿದರ್ಧವನ್ನು, ನಾನು ಹೇಳಿದ ದರಕ್ಕೇ, ನನ್ನ ಲಾರಿಯ ಕಡೆ ಹೊಡೆದ. ಹೋಗುವಾಗ ಕುರುವಿಗೆ ಅರಿಸಿನ ಸಾಲದು, ಯಲಬುರ್ಗಾದ ಸರ್ಕಾರಿ ದವಾಖಾನೆಯಲ್ಲಿ ತೋರಿಸಿ ಎಂದು ಹೇಳಿದೆ. ಹೂಂ ಎಂದ, ತೋರಿಸಿದನೋ ಇಲ್ಲವೋ ಗೊತ್ತಿಲ್ಲ. ಆ ವರ್ಷ ಲಾಭ ತೆಳುವಾಯಿತು. ತೆಳುವಾದರೂ ಲಾಭವೇ.

ಐದು ದಿನ ಮುಗಿದ ಮೇಲೆ ಹೆಂಡತಿಯ ಆಪರೇಷನ್ ಆಯಿತು. ಮುಲಾಮು ಆಪರೇಷನ್ನಿಗೆ ಸರಿಯಾಗಿ ಮುಗಿದದ್ದರಿಂದ ಈ ಸಲ ಮರುಪರೀಕ್ಷೆಗೆ ಕಾಯಲಿಲ್ಲ; ಮತ್ತೆ ಔಷಧಿ ಸ್ನಾನ, ಎಲ್ಲ ಸಿಸ್ಟರ್ ಹೇಳಿದ ಹಾಗೆ. ನಿಜವಾದ ಕಷ್ಟ ಶುರುವಾದದ್ದು ಆಮೇಲೆ, ನೋಡಲು ಬರುವವರಿಂದ. ಕುಷ್ಟಗಿಯಿಂದ ಅವಳ ತವರಿನವರು ಒಂದು ಟಂಟಂ ಆಟೋ ತುಂಬ ಬಂದರು. ಬಂದವರು ಹಾಸಿಗೆಯ ಮೇಲೆಯೇ ಕೂರಬೇಕು, ಪಟ್ಟಿ ಮುಟ್ಟಿ ನೋಡಿ ಅಯ್ಯೋ ಅನ್ನಬೇಕು, ಇಲ್ಲದಿದ್ದರೆ ಬಂದ ಹಾಗೇ ಅಲ್ಲ. ನಾನು ಬಾಗಿಲಲ್ಲಿ ಸಂತೆಯ ಗೇಟಿನವನ ಹಾಗೆ ನಿಂತು, ಒಬ್ಬೊಬ್ಬರನ್ನೇ ಕೈ ತೊಳೆಸಿ, ಇಬ್ಬಿಬ್ಬರನ್ನೇ ಒಳಗೆ ಬಿಟ್ಟೆ. ನನ್ನ ಅತ್ತಿಗೆ ಹುಲಿಗೆಮ್ಮನ ಭಂಡಾರ, ಗುಡಿಯ ಅರಿಸಿನ ಪುಡಿ, ತಂದಿದ್ದಳು, ಹೊಲಿಗೆಯ ಮೇಲೆ ಹಚ್ಚಲು. ಅಮ್ಮನ ಭಂಡಾರದ ಜಾಗ ಹಣೆ, ಕಾಲಿಗೆ ಹಚ್ಚಿದರೆ ಅಮ್ಮನಿಗೇ ಅವಮರ್ಯಾದೆ ಎಂದು ಹೇಳಿ ಹಣೆಗೆ ಹಚ್ಚಿಸಿದೆ. ಇದನ್ನು ನೀವೂ ಇಟ್ಟುಕೊಳ್ಳಿ; ಬೇಡ ಎಂದರೆ ಜಗಳ, ಜಾಗ ಬದಲಿಸಿದರೆ ಜಗಳವಿಲ್ಲ.

ಹೊಲಿಗೆ ಬಿಚ್ಚುವ ದಿನ ಸಿಸ್ಟರ್ ಗಾಯದ ಉದ್ದಕ್ಕೂ ನೋಡಿದಳು. ಒಣಗಿತ್ತು. ಕೆಂಪು ಇರಲಿಲ್ಲ, ಬಿಸಿ ಇರಲಿಲ್ಲ. ಇನ್ನೂ ಕೆಲವು ತಿಂಗಳು ಕಣ್ಣಿಟ್ಟಿರಬೇಕು, ಜ್ವರ ಬಂದರೆ, ಗಾಯ ನೀರಾಡಿದರೆ ಆ ದಿನವೇ ಬರಬೇಕು ಎಂದಳು. ಮೂರನೆಯ ತಿಂಗಳು ನನ್ನ ಹೆಂಡತಿ ಗೋಡೆ ಹಿಡಿದು ಹಿತ್ತಲ ಮೂರು ಮೆಟ್ಟಿಲು ಇಳಿದಳು. ಮೊದಲು ಆಪರೇಷನ್ ಆಗದ ಕಾಲು, ಆಮೇಲೆ ಹೊಸ ಕಾಲು. ಇಳಿದವಳು ನನ್ನ ಕಡೆ ತಿರುಗಿ ನೋಡಲಿಲ್ಲ. ಮೇಲಿನಿಂದ ಎರಡು ವರ್ಷ ನೋಡಿದ್ದ ಮೂಲೆಯಿಂದ ಮರಿಯೊಂದನ್ನು ಎತ್ತಿ ಅದರ ಬಾಯಿ ತೆರೆದು ನೋಡಿ, ಇದಕ್ಕೆ ಹುಣ್ಣಾಗಿ ಎಷ್ಟು ದಿನವಾಯಿತು, ಕಣ್ಣಿಲ್ಲವೇ ಈ ಮನೆಯಲ್ಲಿ ಎಂದು ಬೈಯಲು ಶುರು ಮಾಡಿದಳು.

ಈಗ ಎಡಗಾಲಿನ ದಿನ ಗೊತ್ತಾಗಿದೆ. ಈ ಸಲ ಇಬ್ಬರೂ ಹೇಳಿಸಿಕೊಳ್ಳದೆ ಹೋಗಿ ಮೂಗು ಒಡ್ಡಿದೆವು. ಸಿಸ್ಟರ್ ಫೋನ್ ಮಾಡಿದ್ದಳು. ಹೆಂಡತಿಯದು ಸ್ವಚ್ಛ. ನನ್ನಲ್ಲಿ ಮತ್ತೆ ಬಂದು ಕೂತಿದೆಯಂತೆ. ಹಾಗೆ ಆಗುತ್ತದೆ ಕಾಕಾ, ಒಮ್ಮೆ ಹೋದರೆ ಕಾಯಂ ಹೋಯಿತು ಅಂತಲ್ಲ ಎಂದಳು. ಈ ಸುದ್ದಿ ಕೇಳಿ ಹೆಂಡತಿ ನನ್ನ ಹಾಸಿಗೆ ಸುತ್ತಿ ಪಡಸಾಲೆಗೆ ಹಾಕಿದಳು.

"ಮೂರು ದಿನ ಮಲಗಿದ್ರ ಸಾಕಲ್ಲ?" ಎಂದೆ, ರೂಢಿಯ ಮೇಲೆ.

ಅವಳು ಒಲೆಯ ಮುಂದಿದ್ದಳು, ಕೈಗೆ ಹಿಟ್ಟು ಹತ್ತಿತ್ತು. ತಿರುಗಿ, ಬಟ್ಟೆ ಹೊದಿಸದೆ, ಅಂದು ಮನೆಗೆ ಬಂದು ಪಡಸಾಲೆಯಲ್ಲಿ ಕೂತಿದ್ದ ಬೀಗರಿಗೂ ಕಾಣುವ ಹಾಗೆ ಐದೂ ಬೆರಳು ಎತ್ತಿ ತೋರಿಸಿದಳು. ನಾನು ಕೈ ತೊಳೆದುಕೊಂಡು ಬಂದು ಮುಲಾಮಿನ ಮುಚ್ಚಳ ತಿರುವಿದೆ.